ಮಗಳಿಗೊಂದು ಪತ್ರ: 200 ಕಿಲೋಮೀಟರ್‌ಗೆ ಹೊರಡುವ ಮುನ್ನ

ಪ್ರೀತಿಯ ಪುಟ್ಟಿ,

ನೀನು 200 ಕಿಲೋಮೀಟರ್ ಬ್ರೆವೆಗೆ, ಅದೇ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ಆ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟ ವಿಷಯ ನಿನ್ನಮ್ಮ ಹೇಳಿದಳು. ನನಗೆ ಹೇಳೋಕೆ ಹಿಂದೆಮುಂದೆ ನೋಡಿದೆಯಂತೆ. ಅಪ್ಪ ಬೇಡ ಅಂತಾರೆ ಅಂದುಕೊಂಡೆಯಾ? ಬೇಡ ಅನ್ನುವುದಿಲ್ಲ, ಹೋಗು. ಹದಿಮೂರೂವರೆ ಗಂಟೆ ಸಮಯ ಇರುತ್ತದೆ. ನಿನ್ನ ಕಾಲಿಗೆ ಅಷ್ಟು ಶಕ್ತಿ ಇದೆ ಅಂತ ನನಗೆ ಚೆನ್ನಾಗಿ ಗೊತ್ತು. ನನ್ನ ಮನಸ್ಸಿಗೆ ಹಿಡಿಸದೇ ಇರುವುದು ಬೇರೆ ಸಂಗತಿ. ಜೊತೆಗೆ ಸೈಕಲ್ ತುಳಿಯುವ ಯಾರಿಗೂ ನಿನ್ನ ಶುಗರ್ ವಿಷಯ ಹೇಳಿಲ್ಲವಂತೆ. 'ಸುಮ್ನೆ ಎಲ್ಲರೂ ಗಾಬರಿ ಆಗ್ತಾರೆ, ಇಡೀ ದಾರಿ ನನ್ನನ್ನೇ ನೋಡ್ಕೊಂಡು ಬರ್ತಾರೆ' ಅಂದೆಯಂತೆ. ಫೋನಿನಲ್ಲಿ ಇದನ್ನೇ ಎತ್ತಿದರೆ ನೀನು 'ಆಯ್ತಪ್ಪಾ' ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಟೈಪ್ 1 ಸಕ್ಕರೆ ಕಾಯಿಲೆ ಅಂತ ಗೊತ್ತಾದ ವರ್ಷ ಮನೆಗೆ ಬಂದವರಲ್ಲಿ ಎಷ್ಟೋ ಜನ ಒಂದೇ ಮಾತು ಹೇಳಿದರು. 'ಹೆಣ್ಣು ಮಗು, ಊರಿಗೆಲ್ಲ ಹೇಳ್ಕೊಂಡು ತಿರುಗಬೇಡಿ.' ಸಿಹಿ ಜಾಸ್ತಿ ತಿನ್ನಿಸಿದ್ರಾ ಅಂತ ನಿನ್ನಮ್ಮನನ್ನು ಕೇಳಿದವರೂ ಇದ್ದರು. ಸಿಹಿಗೂ ಟೈಪ್ 1ಗೂ ಸಂಬಂಧವೇ ಇಲ್ಲ, ದೇಹವನ್ನು ಕಾಯಬೇಕಾದ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡಿದೆ ಅಂತ ಅವಳು ಪ್ರತಿಯೊಬ್ಬರಿಗೂ ಕೂರಿಸಿ ಹೇಳಿದಳು. ಸ್ಕೂಲಿನಲ್ಲಿ ಕ್ಲಾಸ್ ಟೀಚರ್‌ಗೆ, ಪಿ.ಟಿ. ಮೇಷ್ಟ್ರಿಗೆ, ನಿನ್ನ ಬೆಂಚಿನ ಹುಡುಗಿಗೆ ಎಲ್ಲರಿಗೂ ಹೇಳಿದೆವು. ಮೇಷ್ಟ್ರ ಡ್ರಾಯರಿನಲ್ಲಿ ಯಾವಾಗಲೂ ಗ್ಲೂಕೋಸ್ ಪುಡಿ ಇರುತ್ತಿತ್ತು. ನೆನಪಿದೆ ಅಲ್ವಾ? ಅದಿದ್ದದ್ದರಿಂದಲೇ ಅವರು ಧೈರ್ಯವಾಗಿ ನಿನ್ನನ್ನು 800 ಮೀಟರ್ ಓಟಕ್ಕೆ ಸೇರಿಸಿಕೊಂಡರು.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟವರು ವಾಸಿಂ ಅಕ್ರಂ. 1999ರ ಚೆನ್ನೈ ಟೆಸ್ಟ್ ನಮ್ಮ ಜಿಲ್ಲೆಯವರು ಮರೆಯುವ ಹಾಗಿಲ್ಲ. ಗೆಲ್ಲೋಕೆ 271 ಬೇಕಿತ್ತು. ಸಚಿನ್ 136 ಹೊಡೆದು ಔಟಾದರು. ಕೊನೆಯ ವಿಕೆಟ್ ನಮ್ಮ ಜಾವಗಲ್ ಶ್ರೀನಾಥ್. 12 ರನ್‌ಗಳಿಂದ ಸೋತೆವು. ಸಚಿನ್ ಕ್ಯಾಚ್ ಹಿಡಿದದ್ದು ಅಕ್ರಂ, ಪಾಕಿಸ್ತಾನದ ಕ್ಯಾಪ್ಟನ್ನೂ ಅವರೇ. ಆಗಲೇ ಅವರಿಗೆ ಟೈಪ್ 1 ಬಂದು ಒಂದು ವರ್ಷದ ಮೇಲಾಗಿತ್ತು, ಅದು ಗೊತ್ತಾದದ್ದು 1997ರಲ್ಲಿ. ಚೆನ್ನೈ ಬಿಸಿಲಿನಲ್ಲಿ ಇನ್ಸುಲಿನ್ ತೆಗೆದುಕೊಂಡೇ ಬೌಲಿಂಗ್ ಮಾಡಿದ ಮನುಷ್ಯ! 2003ರವರೆಗೂ ಆಡಿದರು. ನಿನ್ನ ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ನೆನೆಸಿಕೊಂಡದ್ದು ಅವರನ್ನು.

ಸೈಕಲ್ ಹುಚ್ಚು ಹತ್ತಿದ ಮೇಲೆ ನೀನೇ ನನಗೆ ಬೇರೆಯವರ ಕಥೆ ಹೇಳಿದೆ. ಅಮೆರಿಕದ ಫಿಲ್ ಸದರ್‌ಲ್ಯಾಂಡ್‌ಗೆ ಏಳು ತಿಂಗಳ ಕೂಸಾಗಿದ್ದಾಗಲೇ ಟೈಪ್ 1 ಬಂತು. 25 ವರ್ಷ ದಾಟುವುದು ಕಷ್ಟ ಅಂತ ಡಾಕ್ಟರು ಅವನ ತಾಯಿಗೆ ಹೇಳಿದ್ದರಂತೆ. ಆ ತಾಯಿ ಆ ರಾತ್ರಿ ಹೇಗೆ ಕಳೆದಳೋ ಅಂತ ನಾನು ಎಷ್ಟು ಸಲ ಯೋಚಿಸಿದ್ದೇನೆ ಗೊತ್ತಾ? ಆ ಹುಡುಗ ದೊಡ್ಡವನಾಗಿ ತನ್ನಂಥವರದ್ದೇ ಒಂದು ತಂಡ ಕಟ್ಟಿದ. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ, ಸುಮಾರು 4,800 ಕಿಲೋಮೀಟರ್ ಹಗಲು ರಾತ್ರಿ ಸರದಿಯಲ್ಲಿ ತುಳಿಯುವ ರೇಸನ್ನು ಆ ತಂಡ 2007ರಲ್ಲಿ ಗೆದ್ದಿತು. ಅದೇ ಮುಂದೆ ಟೀಮ್ ನೋವೋ ನಾರ್ಡಿಸ್ಕ್ ಆಯಿತು. ಅದರ ಸವಾರರೆಲ್ಲರಿಗೂ ಟೈಪ್ 1. ಇಟಲಿಯ ಸುಮಾರು 300 ಕಿಲೋಮೀಟರ್ ಉದ್ದದ ಮಿಲಾನ್-ಸ್ಯಾನ್ ರೆಮೋ ರೇಸನ್ನೂ ಅವರು ತುಳಿದಿದ್ದಾರೆ. ತಮಗೇನಿದೆ ಅನ್ನುವುದನ್ನು ತಂಡದ ಗುರುತಾಗಿಯೇ ಇಟ್ಟುಕೊಂಡು ತುಳಿಯುತ್ತಾರೆ, ಮುಚ್ಚಿಡುವುದಿಲ್ಲ.

ಆದರೆ ನೀನು ಮತ್ತೆ ಮತ್ತೆ ಓದಬೇಕಾದದ್ದು ಕ್ರಿಸ್ ಫ್ರೀಮನ್ ಕಥೆ. ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ದೂರದೂರ ಓಡುವ ಆಟಗಾರ. 2000ದಲ್ಲಿ ಟೈಪ್ 1 ಅಂತ ಗೊತ್ತಾಯಿತು. ಆದರೂ ನಾಲ್ಕು ಒಲಿಂಪಿಕ್ಸ್‌ಗೆ ಹೋದರು. 2010ರಲ್ಲಿ ವ್ಯಾಂಕೂವರ್‌ನ 30 ಕಿಲೋಮೀಟರ್ ಸ್ಪರ್ಧೆಯ ನಡುವೆ ಶುಗರ್ ಇಳಿದು ಹಿಮದಲ್ಲೇ ಕುಸಿದರು. ಪಕ್ಕದಲ್ಲಿದ್ದವರು ಸಿಹಿ ಪಾನೀಯ ಕೊಟ್ಟರು. ಕುಡಿದು ಎದ್ದು ಸ್ಪರ್ಧೆ ಪೂರ್ತಿ ಮಾಡಿದರು. ಒಲಿಂಪಿಕ್ಸ್‌ಗೆ ಹೋಗುವಷ್ಟು ಲೆಕ್ಕ ಗೊತ್ತಿದ್ದವರಿಗೂ ಒಂದು ದಿನ ಲೆಕ್ಕ ತಪ್ಪಿತು. ಆಗ ಬೇಕಾಗಿದ್ದು ಪಕ್ಕದಲ್ಲೊಬ್ಬ ಮನುಷ್ಯ, ಅವನ ಕೈಯಲ್ಲೊಂದು ಸಿಹಿ ಬಾಟಲಿ.

ನಿನ್ನ ಲೆಕ್ಕದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಈ ದೇಹದ ಕೆಲಸವೇ ಹಾಗಿದೆ. ಪೆಡಲ್ ತುಳಿಯುವಾಗ ಸ್ನಾಯುಗಳು ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಬೇರೆಯವರ ದೇಹ ಆ ಹೊತ್ತಿಗೆ ಇನ್ಸುಲಿನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನೀನು ಬೆಳಿಗ್ಗೆ ಚುಚ್ಚಿಕೊಂಡದ್ದನ್ನು ವಾಪಸ್ ತೆಗೆಯೋಕೆ ಆಗುತ್ತಾ? ಅದು ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಬೆವರು, ಕೈ ನಡುಕ, ಎದೆ ಬಡಿತ ಎಲ್ಲ ಶುಗರ್ ಲೋ ಆದಾಗಲೂ ಬರುತ್ತವೆ, ಏರು ಹತ್ತುವಾಗಲೂ ಬರುತ್ತವೆ. ಯಾವುದು ಯಾವುದು ಅಂತ ಹೇಗೆ ಹೇಳುತ್ತೀಯ? ಅದಕ್ಕಿಂತ ಕಷ್ಟದ ಮಾತೆಂದರೆ, ಲೋ ಆದಾಗ ಮೊದಲು ಕೈಕೊಡುವುದೇ ತಲೆ. ನನಗೇನೂ ಆಗಿಲ್ಲ ಅನ್ನುವುದೂ ಆಗಲೇ.

ಅರಸೀಕೆರೆ ರಸ್ತೆಯಲ್ಲಿ ಆ ದಿನ ಏನಾಯಿತು ನೆನಪಿಸಿಕೋ. ನಾನು ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದೆ. ನೀನು ಸೈಕಲ್ ನೇರ ಹಿಡಿಯದೆ ರಸ್ತೆಯ ಅಂಚಿಗೆ ಹೋಗಿ ನಿಂತೆ. ಆಗ ತಾನೇ ನೀನು ಬಾಳೆಹಣ್ಣು ಸುಲಿದು ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದೆ. ಅದೇ ಬೆರಳನ್ನು ಚುಚ್ಚಿ ನೋಡಿದೆ, ಮೀಟರ್ 240 ತೋರಿಸಿತು. 'ನೋಡಿ, ಹೈ ಇದೆ, ಏನೂ ಬೇಡ' ಅಂತ ನನ್ನ ಮೇಲೆ ರೇಗಿದೆ. ರೇಗುವ ಹುಡುಗಿ ನೀನಲ್ಲ. ಅಷ್ಟರಲ್ಲೇ ನನಗೆ ತಿಳಿಯಿತು. ಬಾಟಲಿ ನೀರಿನಲ್ಲಿ ಕೈ ತೊಳೆಸಿ, ಒರೆಸಿ, ಇನ್ನೊಂದು ಬೆರಳಿಗೆ ಚುಚ್ಚಿದರೆ 58, ಅಂದರೆ ಲೋ. ಬೆರಳಿಗೆ ಅಂಟಿದ್ದ ಹಣ್ಣಿನ ಸಕ್ಕರೆಯನ್ನು ಮೀಟರ್ ಓದಿಬಿಟ್ಟಿತ್ತು. ಗ್ಲೂಕೋಸ್ ನೀರು ಕುಡಿದು ಕಾಲು ಗಂಟೆ ಮರದ ಕೆಳಗೆ ಕೂತ ಮೇಲೆ ನೀನೇ ನಕ್ಕೆ. ಆ ದಿನ ನಾನಿದ್ದೆ. ಬ್ರೆವೆಯಲ್ಲಿ ನಾನು ಇರುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ಜೊತೆಗೆ ಹೋಗುವವರಲ್ಲಿ ಇಬ್ಬರಿಗಾದರೂ ಹೇಳು. ದೊಡ್ಡ ಭಾಷಣ ಬೇಡ. 'ನನಗೆ ಟೈಪ್ 1 ಇದೆ. ಮಾತು ತೊದಲಿದರೆ, ಕಾರಣ ಇಲ್ಲದೆ ರೇಗಿದರೆ, ಸೈಕಲ್ ಓಲಾಡಿದರೆ ನನ್ನನ್ನು ನಿಲ್ಲಿಸಿ. ಬೇಡ ಅಂದರೂ ಬಿಡಬೇಡಿ. ಜೆರ್ಸಿಯ ಬಲಗಡೆ ಜೇಬಿನಲ್ಲಿ ಗ್ಲೂಕೋಸ್ ಇದೆ, ಕುಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.' ಇಷ್ಟೇ. ಒಂದು ನಿಮಿಷದ ಕೆಲಸ. ಇದನ್ನು ಕೇಳಿ ನಿನ್ನನ್ನು ಕೀಳಾಗಿ ನೋಡುವವರು ಇದ್ದರೆ ಅವರ ಜೊತೆ ಹೋಗಲೇಬೇಡ.

ನಿಯಮಗಳೂ ಹೇಳು ಅಂತಲೇ ಅನ್ನುತ್ತವೆ. ಮುಂದೆ ರಾಜ್ಯ ಮಟ್ಟದ ರೇಸ್‌ಗೆ ಇಳಿಯುವ ಆಸೆ ಇದೆ ಅಂದಿದ್ದೆ. ಆಟಗಾರರು ಉದ್ದೀಪನ ಮದ್ದು ಬಳಸದಂತೆ ನೋಡಿಕೊಳ್ಳುವ ಜಾಗತಿಕ ಸಂಸ್ಥೆ ವಾಡಾ ನಿಷೇಧಿಸಿದ ಔಷಧಗಳ ಪಟ್ಟಿಯಲ್ಲಿ ಇನ್ಸುಲಿನ್ ಇದೆ. ನಿನ್ನಂಥವರು ಡಾಕ್ಟರ ಕಾಗದಪತ್ರ ಕೊಟ್ಟು ಚಿಕಿತ್ಸೆಗೆ ವಿನಾಯಿತಿ ಪಡೆಯಬೇಕು. 1999ರಲ್ಲಿ ಟೈಪ್ 1 ಬಂದ ಈಜುಗಾರ ಗ್ಯಾರಿ ಹಾಲ್ ಜೂನಿಯರ್ ಮರುವರ್ಷವೇ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರಲ್ಲ, ಅವರೂ ಇನ್ಸುಲಿನ್ ತೆಗೆದುಕೊಂಡೇ ಗೆದ್ದದ್ದು. ಆ ಕಾಗದಗಳನ್ನು ಈಗಿನಿಂದಲೇ ಜೋಡಿಸಿಡು.

ಇನ್ನು ಆ ದಿನದ ವಿಷಯ. ಡಾಕ್ಟರು ಬರೆದುಕೊಟ್ಟ ಚೀಟಿ ನಿನ್ನ ಹತ್ತಿರ ಇದೆ, ಆದರೂ ಬರೆಯುತ್ತೇನೆ. ಹೊರಡುವಾಗ ಶುಗರ್ 126ರಿಂದ 180ರ ಒಳಗಿದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆ ಇದ್ದರೆ ಮೊದಲು ತಿನ್ನು, ಏರಿದ ಮೇಲೆ ಹೊರಡು. 270 ದಾಟಿದ್ದರೆ ಕೀಟೋನ್, ಅಂದರೆ ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ, ಎಷ್ಟಿದೆ ನೋಡು, ಅದು 1.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆ ದಿನ ಸೈಕಲ್ ಮುಟ್ಟಬೇಡ. ಹಿಂದಿನ 24 ಗಂಟೆಯಲ್ಲಿ ಇನ್ನೊಬ್ಬರ ಸಹಾಯ ಬೇಕಾಗುವಷ್ಟು ಲೋ ಆಗಿದ್ದರೂ ಅಷ್ಟೇ. ಬೆಳಗಿನ ತಿಂಡಿಯ ಇನ್ಸುಲಿನ್ ಎಷ್ಟು ಇಳಿಸಬೇಕು ಅನ್ನುವುದು ಡಾಕ್ಟರ ಮಾತು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ತೊಡೆಗೆ ಮಾತ್ರ ಚುಚ್ಚಿಕೊಳ್ಳಬೇಡ, ತುಳಿಯುವ ಕಾಲಿನಿಂದ ಇನ್ಸುಲಿನ್ ಬೇಗ ಏರುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗುತ್ತಿರಲಿ. ಖರ್ಜೂರ, ಬಾಳೆಹಣ್ಣು, ಬಾಟಲಿಯ ನೀರು ಎಲ್ಲ ಸೇರಿಸಿ ಲೆಕ್ಕ ಹಾಕು. ಕಡಲೆ ಚಿಕ್ಕಿ ನಿನಗಿಷ್ಟ ಅಂತ ಗೊತ್ತು, ಆದರೆ ಲೋ ಆದಾಗ ಅದು ಬೇಡ. ಕಡಲೆಯ ಎಣ್ಣೆಯಿಂದಾಗಿ ಸಕ್ಕರೆ ನಿಧಾನಕ್ಕೆ ಏರುತ್ತದೆ. ತೋಳಿಗೆ ಅಂಟಿಸಿಕೊಂಡ ಶುಗರ್ ಸೆನ್ಸರ್ ತೋರಿಸುವುದು ಸ್ವಲ್ಪ ಹಿಂದಿನ ಹೊತ್ತಿನದ್ದು ಅನ್ನುವುದನ್ನು ಮರೆಯಬೇಡ, ಬಾಣದ ಗುರುತು ಕೆಳಗೆ ತಿರುಗಿದ್ದರೆ ಅಂಕಿ ನಂಬಿ ಕೂರಬೇಡ. ಇನ್ಸುಲಿನ್ ಪೆನ್ ಬಿಸಿಲಿಗೆ ಬೀಳದ ಹಾಗೆ ಒದ್ದೆ ಬಟ್ಟೆ ಸುತ್ತಿದ ಚೀಲದಲ್ಲಿ ಇಟ್ಟುಕೋ.

ಬ್ರೆವೆ ಮುಗಿಸಿದ ರಾತ್ರಿ ನನಗೆ ಹಗಲಿಗಿಂತ ಜಾಸ್ತಿ ಚಿಂತೆ. ದಣಿದ ಸ್ನಾಯುಗಳು ಖಾಲಿಯಾದದ್ದನ್ನು ತುಂಬಿಕೊಳ್ಳುತ್ತಾ ಗಂಟೆಗಟ್ಟಲೆ ಸಕ್ಕರೆ ಎಳೆಯುತ್ತವೆ. ನೀನು ಗಾಢ ನಿದ್ದೆಯಲ್ಲಿರುವಾಗ ಶುಗರ್ ಇಳಿಯಬಹುದು. ಊಟ ಬಿಡಬೇಡ. ರಾತ್ರಿಯ ಇನ್ಸುಲಿನ್ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿಟ್ಟುಕೋ. ಅಲಾರಂ ಹಾಕು, ರೂಮಿನ ಹುಡುಗಿಗೂ ಹೇಳಿ ಮಲಗು. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಅದು ಸುಳ್ಳು ಲೋ ತೋರಿಸುತ್ತದೆ, ಆ ಅಲಾರಂನಿಂದ ಬೇಸತ್ತು ಫೋನ್ ಆಫ್ ಮಾಡಬೇಡ. ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ನೋಡು.

ನಾನು ಕಾರಿನಲ್ಲಿ ಹಿಂದೆ ಬರುವುದಿಲ್ಲ, ಬ್ರೆವೆಯಲ್ಲಿ ಅದಕ್ಕೆ ಬಿಡುವುದೂ ಇಲ್ಲ. ನಿನ್ನಮ್ಮ ಮಾತ್ರ ಕೊನೆಗೆ ಬಂದು ನಿಲ್ತೀನಿ ಅಂತಿದ್ದಾಳೆ. ಬೇಡ ಅನ್ನಿಸಿದರೆ ಅವಳಿಗೆ ಈಗಲೇ ಫೋನ್ ಮಾಡು, ಟಿಕೆಟ್ ಬುಕ್ ಮಾಡೋಕೆ ಹೊರಟಿದ್ದಾಳೆ. ಮೀಟರಿನ ಸ್ಟ್ರಿಪ್ ಡಬ್ಬಿ ಎರಡು ಕೊರಿಯರ್‌ನಲ್ಲಿ ಕಳಿಸಿದ್ದೇನೆ. ಜೊತೆಗೆ ಬರುವ ಇಬ್ಬರಿಗೆ ಹೇಳಿದ ಮೇಲೆ ಅವರ ಹೆಸರು, ನಂಬರ್ ನನಗೆ ವಾಟ್ಸಾಪ್ ಮಾಡು.

ನಿನ್ನ
ಅಪ್ಪ