ಮೊದಲು ಮಟ್ಟೆ ತೂಗಿ ದುಡ್ಡು ಕೊಡಿ, ಆಮೇಲೆ ವಿಮಾನದ ಮಾತು

ಮಾನ್ಯ ಶಾಸಕರಿಗೆ ನಮಸ್ಕಾರ.

ತಮಗೆ ಬಿಡುವಿರುವುದಿಲ್ಲ ಅಂತ ಗೊತ್ತು. ತೆಂಗಿನ ಮಟ್ಟೆ ರಾಶಿಯ ವಿಷಯವಾಗಿ ಮನವಿ ಕೊಟ್ಟಾಗಲೆಲ್ಲ ತಮ್ಮ ಕಚೇರಿಯವರು "ಸಾಹೇಬ್ರ ಗಮನಕ್ಕೆ ತರ್ತೀವಿ" ಅನ್ನುತ್ತಾರೆ. ಗಮನಕ್ಕೆ ಬಂದ ಹಾಗೆ ಕಾಣಲಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ತೆಂಗಿನ ಸೀಮೆಯವಳು. ತೋಟದಲ್ಲಿ ಕಾಯಿಗಿಂತ ಕಸವೇ ಜಾಸ್ತಿ. ಗರಿ, ಹೊಂಬಾಳೆ, ಸುಲಿದ ಮಟ್ಟೆ. ಮೆಕ್ಕೆಜೋಳ ಹಾಕಿದವರ ಹೊಲದಲ್ಲಿ ದಂಟು, ದಿಂಡು. ಸಕಲೇಶಪುರದ ಕಡೆ ಹೋದರೆ ಕಾಫಿ ಹೊಟ್ಟು. ಒಲೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದಕ್ಕೆ ಬದುವಿನ ಮೇಲೆ ಬೆಂಕಿ ಇಡುತ್ತೇವೆ. ಬೇರೆ ದಾರಿ ಏನಿದೆ?

ಹೋದ ಬೇಸಿಗೆಯಲ್ಲಿ ನಮ್ಮೂರಲ್ಲಿ ಒಂದು ಕಾರ್ಯಕ್ರಮ ಆಯಿತು. ಯಾವ ಇಲಾಖೆ ಅಂತ ಇಲ್ಲಿ ಬೇಡ, ಮನವಿಯಲ್ಲಿ ಬರೆದಿದ್ದೇನೆ. "ಕೃಷಿ ಕಸದಿಂದ ವಿಮಾನ ಇಂಧನ" ಅಂತ ಶಾಮಿಯಾನದಷ್ಟು ಅಗಲದ ಬ್ಯಾನರ್. ಅದರ ಮುಂದೆ ಮಟ್ಟೆ ರಾಶಿ ಬೇಕು ಅಂದರು. ಫೋಟೋಗೆ. ರಸ್ತೆ ಪಕ್ಕದ ಜಾಗ ನಮ್ಮದೇ, ಆಗಲಿ ಅಂದೆವು. ಊರವರೆಲ್ಲ ಟ್ರ್ಯಾಕ್ಟರ್‌ನಲ್ಲಿ ತಂದು ಸುರಿದರು. ಡೀಸೆಲ್ ನಮ್ಮದು, ಕೂಲಿ ನಮ್ಮದು. "ಮುಂದಿನ ವಾರ ಲಾರಿ ಬರುತ್ತೆ, ತೂಕದ ಮೇಲೆ ದುಡ್ಡು" ಅಂದರು. ಶಾಲು ಹೊದಿಸಿದರು, ಚಪ್ಪಾಳೆ ಆಯಿತು, ಉಪ್ಪಿಟ್ಟು ಕೇಸರಿಬಾತ್ ಆಯಿತು. ಲಾರಿ ಬರಲಿಲ್ಲ. ಮಳೆ ಬಂತು.

ಮಟ್ಟೆ ಅಂದರೆ ಒಂದೊಂದೂ ಒಂದು ಬಟ್ಟಲು, ಸ್ವಾಮಿ. ಅಂಗಾತ ಬಿದ್ದ ಪ್ರತಿಯೊಂದರಲ್ಲೂ ನೀರು ನಿಂತಿತು. ಬಗ್ಗಿ ನೋಡಿದರೆ ಒಳಗೆ ಮರಿ ಹುಳ ಕುಣೀತಿವೆ. ನನ್ನ ಸೊಸೆಗೆ ಡೆಂಗಿ ಆಗಿ ಪ್ಲೇಟ್‌ಲೆಟ್ ಇಳಿದು ಆಸ್ಪತ್ರೆ ಸೇರಿದಳು. ಆ ವರ್ಷದ ಕೊಬ್ಬರಿ ದುಡ್ಡು ಅಲ್ಲೇ ಕರಗಿತು. ಅವಳು ಮನೆಗೆ ಬರುವ ಹೊತ್ತಿಗೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದರು: ಕಸ ರಾಶಿ ಹಾಕಿ ಸೊಳ್ಳೆ ಬೆಳೆಸಿದ್ದಕ್ಕೆ ದಂಡ ಯಾಕೆ ಹಾಕಬಾರದು? 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ ದಂಡದ ನಿಯಮ ತಂದದ್ದು ತಮಗೆ ಗೊತ್ತೇ ಇದೆ. ನಿಯಮ ಸರಿ. ಆದರೆ ರಾಶಿ ಹಾಕಿಸಿದವರಿಗೆ ಶಾಲು, ಹಾಕಿದವರಿಗೆ ದಂಡ, ಇದು ಯಾವ ನ್ಯಾಯ?

ಅವತ್ತು ಮಾತಾಡಿದ ಎಂಜಿನಿಯರ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅರ್ಥವಾಗುವ ಹಾಗೆ ಹೇಳಿದ. ಒಣಗಿದ ಕಸವನ್ನು ಕಡಿಮೆ ಗಾಳಿಯಲ್ಲಿ ಜೋರಾಗಿ ಕಾಯಿಸಿದರೆ ಅದು ಉರಿದು ಬೂದಿಯಾಗದೆ ಅನಿಲವಾಗುತ್ತದಂತೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಎರಡನ್ನೂ ಸೇರಿಸಿದರೆ ಎಣ್ಣೆ. ಜರ್ಮನಿಯವರು 1920ರ ದಶಕದಲ್ಲೇ ಕಂಡುಕೊಂಡ ವಿದ್ಯೆ. ಆದರೆ ಕಸದಲ್ಲಿ ಹೈಡ್ರೋಜನ್ ಸಾಲದು, ಹಾಗಾಗಿ ಕಾರ್ಬನ್‌ನಲ್ಲಿ ಎಷ್ಟೋ ಪಾಲು ಹೊಗೆಯಾಗಿ ಹೋಗುತ್ತದೆ. ಸೋಲಾರ್, ಗಾಳಿ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆದು ಸೇರಿಸಿದರೆ ಅಷ್ಟೇ ಕಸದಲ್ಲಿ ಜಾಸ್ತಿ ಎಣ್ಣೆ ಸಿಗುತ್ತದೆ. ಕರೆಂಟ್ ಬೇಕಲ್ಲ ಅಂದರೆ, ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಇದೆ. (ನಮ್ಮ ಪಂಪ್‌ಸೆಟ್‌ಗೆ ತ್ರೀ ಫೇಸ್ ಬರೋದು ಮಾತ್ರ ಅರ್ಧರಾತ್ರಿಯಲ್ಲಿ. ಅದು ಬೇರೆ ಪತ್ರ.)

ಇದು ಕನಸಿನ ಮಾತೂ ಅಲ್ಲ. 2018ರಲ್ಲಿ ಡೆಹ್ರಾಡೂನ್‌ನಿಂದ ದೆಹಲಿಗೆ ಜಟ್ರೋಫಾ (ಕಾಡುಹರಳು) ಎಣ್ಣೆಯ ಇಂಧನ ಬೆರೆಸಿ ವಿಮಾನ ಹಾರಿಸಿದ್ದಾರೆ. ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಮಾಡುವ ಘಟಕ 2022ರಲ್ಲೇ ಉದ್ಘಾಟನೆ ಆಯಿತು. ಅಂತರರಾಷ್ಟ್ರೀಯ ವಿಮಾನಗಳಿಗೆ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5ರಷ್ಟು ಇಂಥ ಪರ್ಯಾಯ ವಿಮಾನ ಇಂಧನ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರವೇ ಇಟ್ಟುಕೊಂಡಿದೆ. ಜೈವಿಕ ಇಂಧನ ಬಲ್ಲವರು ನಮ್ಮ ಜಿಲ್ಲೆಯ ಮಡೆನೂರಿನ ಜೈವಿಕ ಇಂಧನ ಪಾರ್ಕಿನಲ್ಲೇ ಇದ್ದಾರೆ. ಇಷ್ಟೆಲ್ಲ ಇದ್ದೂ ಬೆಳಗ್ಗೆ ಎದ್ದು ನೋಡಿದರೆ ಮನೆ ಮುಂದೆ ಅದೇ ರಾಶಿ.

ನಾವು ಕಾರ್ಖಾನೆ ಕೇಳುತ್ತಿಲ್ಲ. ಹಾಸನದ ಪಕ್ಕದ ಬೂವನಹಳ್ಳಿ ಏರ್‌ಪೋರ್ಟ್ ಕೆಲಸ ಯಾವಾಗ ಮುಗಿಯುತ್ತೆ ಅಂತಲೂ ಕೇಳಲ್ಲ, ಸುಮ್ನೆ ತಮಗೆ ಮುಜುಗರ ಯಾಕೆ! ಹೋಬಳಿಗೊಂದು ಸಂಗ್ರಹ ಕೇಂದ್ರ ಕೊಡಿ. ಒಂದು ತೂಕದ ಯಂತ್ರ, ಮಟ್ಟೆ ಪುಡಿ ಮಾಡುವ ಒಂದು ಯಂತ್ರ, ಮಳೆ ಬೀಳದ ಹಾಗೆ ಶೀಟಿನ ಮಾಡು. ಮಟ್ಟೆ ಹಗುರ, ಲಾರಿ ತುಂಬಿದರೂ ತೂಕ ಬರಲ್ಲ. ಇಲ್ಲೇ ಪುಡಿ ಮಾಡಿ ಒಣಗಿಸದಿದ್ದರೆ ಬಾಡಿಗೆಯೇ ನುಂಗುತ್ತದೆ. ದರ ಬರವಣಿಗೆಯಲ್ಲಿ ಇರಲಿ. ಬಾಯಿಮಾತಿನ ದರ ನೋಡಿಯಾಯಿತು.

ಇನ್ನೊಂದು ಮಾತು. ರಾಗಿ ಹುಲ್ಲಿಗೆ ಮಾತ್ರ ಯಾರೂ ಕೈ ಹಾಕಬಾರದು. ಅದು ದನದ ಬಾಯಿಗೆ.

ಮತ್ತೆ ಹೇಳುತ್ತೇನೆ: ಹೋಬಳಿಗೊಂದು ಕೇಂದ್ರ, ತೂಕ ಆದ ದಿನವೇ ಚೀಟಿ, ಬರೆದುಕೊಟ್ಟ ದರ. ಇದು ಆಗುವವರೆಗೆ ನಮ್ಮೂರಲ್ಲಿ ಇಂಥ ಬ್ಯಾನರ್ ಕಟ್ಟಲು ಜಾಗ ಕೊಡುವುದಿಲ್ಲ ಅಂತ ಹೆಂಗಸರೆಲ್ಲ ತೀರ್ಮಾನ ಮಾಡಿದ್ದೇವೆ. ನನ್ನ ಮೇಲಿನ ನೋಟಿಸ್ ವಾಪಸ್ ತೆಗೆಸಿ. ರಾಶಿ ಹಾಕಿಸಿದವರ ಕೈಯಲ್ಲೇ ಅದನ್ನು ಎತ್ತಿಸಿ, ಮುಂದಿನ ಮಳೆಗೆ ಮುಂಚೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ತೆಂಗು ಬೆಳೆಗಾರ್ತಿ