ಕತ್ತಿಯನ್ನೇ ತೆಗೆಯದ ಗೆಳೆಯನಿಗೆ

ಲೋ ಮಾರಾಯ,

ಫೋನ್ ಮಾಡೋದು ಬಿಟ್ಟು ಎಲ್ಲರೂ ಓದೋ ಜಾಗದಲ್ಲಿ ಯಾಕೆ ಬರೀತಿದ್ದೀಯ ಅಂತ ಬೈಯಬೇಡ. ಹಳದಿ ಛತ್ರಿ ವಿಷಯ ಇಲ್ಲಿ ಎತ್ತುವುದಿಲ್ಲ, ಆಣೆ.

ಈಚೆಗೆ ನನ್ನ ತಲೆಯಲ್ಲಿ ಮಿಯಾಮೊಟೊ ಮುಸಾಶಿ ಕೂತಿದ್ದಾನೆ. ಅದೇ, ಎರಡು ಕತ್ತಿ ಹಿಡಿಯುತ್ತಿದ್ದ ಜಪಾನಿನ ಸಮುರಾಯ್. 13ನೇ ವಯಸ್ಸಿಗೆ ಮೊದಲ ಕಾಳಗ, 30 ತುಂಬುವುದರೊಳಗೆ 60ಕ್ಕೂ ಜಾಸ್ತಿ, ಒಂದರಲ್ಲೂ ಸೋತಿಲ್ಲ ಅಂತ ಅವನೇ ಬರೆದುಕೊಂಡಿದ್ದಾನೆ. 1645ರಲ್ಲಿ ಸಾಯುವ ಕೆಲವೇ ದಿನ ಮುಂಚೆ 21 ಸಾಲು ಬರೆದಿಟ್ಟ. ಹೆಸರು ದೊಕ್ಕೊದೊ, ಅಂದರೆ ಒಂಟಿಯಾಗಿ ನಡೆಯುವ ದಾರಿ. ದೇವರಿಗೆ ಕೈ ಮುಗಿ, ಆದರೆ ಅವನನ್ನೇ ನೆಚ್ಚಿಕೊಂಡು ಕೂರಬೇಡ. ಮಾಡಿದ್ದಕ್ಕೆ ಕೊರಗಬೇಡ. ಈ ಎರಡನೆಯದನ್ನು ನಾನು ಸ್ಟೇಟಸ್ ಹಾಕಿಕೊಂಡು ಮೆರೆದಿದ್ದೆನಲ್ಲ, ನೀನು ನೋಡಿಯೂ ಸುಮ್ಮನಿದ್ದೆ.

ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಆ ಸಾಲಲ್ಲ. ಅದಕ್ಕೂ 2 ವರ್ಷ ಮುಂಚೆ ಬರೆಯಲು ಶುರು ಮಾಡಿದ ಪುಸ್ತಕದಲ್ಲಿ (ಕುಮಾಮೊಟೊ ಹತ್ತಿರದ ರೇಗಾಂಡೊ ಗುಹೆಯಲ್ಲಿ ಕೂತು ಬರೆದ ಅಂತಾರೆ) ಒಂದು ಮಾತಿದೆ. 30 ದಾಟಿದ ಮೇಲೆ ಹಿಂದೆ ತಿರುಗಿ ನೋಡಿದನಂತೆ. ಗೆದ್ದಿದ್ದು ವಿದ್ಯೆ ಕರಗತವಾಗಿದ್ದಕ್ಕಲ್ಲ, ಹುಟ್ಟಿನಿಂದ ಬಂದ ಚಳಕವೋ, ಎದುರಾಳಿಯ ವಿದ್ಯೆಯಲ್ಲೇ ಕೊರತೆಯೋ ಅಂತ ಅನುಮಾನ ಬಂತಂತೆ. ಅಷ್ಟು ಗೆದ್ದವನಿಗೆ! ಆಮೇಲೆ ಹಗಲು ರಾತ್ರಿ ಅಭ್ಯಾಸ ಮಾಡಿ, ದಾರಿ ಸಿಕ್ಕಿತು ಅನ್ನುವಾಗ 50ರ ಹತ್ತಿರ.

ಅವತ್ತು ರಾತ್ರಿ ನಮ್ಮ ವಾದಗಳನ್ನೆಲ್ಲ ಎಣಿಸುತ್ತಾ ಮಲಗಿದ್ದೆ. ಹಾಸ್ಟೆಲ್ ದಿನಗಳಿಂದ ಒಂದರಲ್ಲೂ ನಾನು ನಿನ್ನ ಹತ್ತಿರ ಸೋತಿಲ್ಲ. ನಿನಗೆ ಮಾತು ಬರಲ್ಲ ಅಂದುಕೊಂಡಿದ್ದೆ. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ, ನೀನು ಊರು ಬಿಟ್ಟಿದ್ದೇ ತಪ್ಪು ಅಂತ ಕಾರಿಡಾರಿನಲ್ಲಿ ನಿಂತು ಪಾಯಿಂಟ್ ಮೇಲೆ ಪಾಯಿಂಟ್ ಹಾಕಿ ವಾದಿಸಿದೆನಲ್ಲ. ನೀನು "ಹೂಂ, ಸರಿ" ಅಂದೆ. ಗೆದ್ದೆ ಅಂದುಕೊಂಡು ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ ಕಣೋ. ಅವತ್ತು ನೀನು ಕತ್ತಿಯನ್ನೇ ತೆಗೆದಿರಲಿಲ್ಲ, ಅಲ್ವಾ?

ಸಾಕು, ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಅಂದಹಾಗೆ, 1638ರ ಶಿಮಬಾರಾ ದಂಗೆಯಲ್ಲಿ ಮುಸಾಶಿಯ ಕಾಲಿಗೆ ಕೋಟೆಯೊಳಗಿನ ದಂಗೆಕೋರರ ಕಲ್ಲು ಬಿದ್ದು, ನಿಲ್ಲೋಕೂ ಕಷ್ಟವಾಗಿತ್ತಂತೆ. ನಿನ್ನ ಹತ್ತಿರ ಕಲ್ಲಿದ್ದರೆ ಎಸಿ. ತಲೆಗೆ ಬೇಡ, ಕಾಲಿಗೆ.

ರುಚಿ ಊಟಕ್ಕೆ ಆಸೆಪಡಬೇಡ ಅಂತಲೂ ಆ 21ರಲ್ಲಿದೆ. ಅದು ನಮ್ಮ ಕೈಲಾಗದ್ದು. ಭಾನುವಾರ ದಾವಣಗೆರೆಗೆ ಬರುತ್ತೇನೆ, ಬೆಣ್ಣೆ ದೋಸೆಗೆ. ಬಿಲ್ ಯಾರು ಕೊಡೋದು ಅನ್ನೋ ಜಗಳದಲ್ಲಿ ಈ ಸಲ ನಾನೇ ಸೋಲುತ್ತೇನೆ. ದುಡ್ಡು ತಂದಿರು.

ನಿನ್ನ,
ಅದೇ ಬಾಯಿಬಡುಕ