ಮೇ ತಿಂಗಳ ಚಳಿನ ಬರೀ 'ತಂಪಾಯ್ತು' ಅಂತ ಬರೆದು ಮುಗಿಸಬೇಡಿ

ಮಾನ್ಯ ಸಂಪಾದಕರೇ,

ಮೊನ್ನೆ ಮಳೆ ಹಿಡ್ಕೊಂಡಾಗ ನಿಮ್ಮ ಪೇಪರಲ್ಲಿ ಮಂಡ್ಯ ಪೇಟೆಬೀದಿ ಫೋಟೋ ಬಂದಿತ್ತು, ಛತ್ರಿ ಹಿಡ್ಕೊಂಡು ನಗ್ತಾ ಹೋಗ್ತಿರೋ ಕಾಲೇಜು ಹುಡುಗೀರು, ಕೆಳಗಡೆ ಬಿಸಿಲಲ್ಲಿ ಬೆಂದಿದ್ದ ಜನಕ್ಕೆ ಊಟಿ ಅನುಭವ ಅಂತ ಎರಡು ಸಾಲು. ತಂಪಾಗಿದ್ದು ನಿಜ, ನಾನೂ ಇಲ್ಲ ಅನ್ನಲ್ಲ, ಏಪ್ರಿಲ್ ಪೂರ್ತಿ ಸೆಕೆ ತಿಂದವರಿಗೆ ಒಂದು ಒಳ್ಳೆ ಮಳೆ ಬಂದ್ರೆ ಹೋದ ಜೀವ ಬಂದಂಗಾಗುತ್ತೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ನಮ್ಮ ಕಡೆ ಸುಮ್ನೆ ಹೇಳಿಲ್ಲ. ಆದ್ರೆ ಅದು ಸಾಯಂಕಾಲ ಗುಡುಗಿ ಹುಯ್ದು ಬೆಳಿಗ್ಗೆ ಬಿಸಿಲು ಬಿಟ್ಟುಕೊಡೋ ಮಳೆ ಬಗ್ಗೆ ಹೇಳಿದ ಮಾತು. ಕೃತ್ತಿಕೆ ಹೊತ್ತಲ್ಲಿ ಮೋಡ ಕವುಚಿಕೊಂಡು, ಸೂರ್ಯನೇ ಕಾಣದೆ, ಮಧ್ಯಾಹ್ನ ಹನ್ನೆರಡಕ್ಕೂ ಮನೆ ಒಳಗೆ ಲೈಟ್ ಹಾಕ್ಕೊಂಡು ಸ್ವೆಟರ್ ಹಾಕ್ಕೊಂಡು ಕೂರೋ ಚಳಿ ಇದೆಯಲ್ಲ, ಅದು ಬೇರೆ, ಅದನ್ನ ನೀವು ಊಟಿ ಅಂದ್ರೆ ರೇಷ್ಮೆ ಹುಳ ಸಾಕೋ ನಮ್ಮಂಥವರಿಗೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಈ ಕಾಗದ.

2022ರ ಮೇ ನೆನಪಿದೆಯಾ ನಿಮಗೆ? ಬಂಗಾಳ ಕೊಲ್ಲಿಯಲ್ಲಿ ಅಸಾನಿ ಚಂಡಮಾರುತ ಎದ್ದು ಆಂಧ್ರದ ಕರಾವಳಿ ಕಡೆ ಹೋಯ್ತು, ಟೀವೀಲಿ ಎಲ್ಲ ಆಂಧ್ರದ್ದೇ ಸುದ್ದಿ, ನಮಗೆ ಗಾಳಿ ಇಲ್ಲ ಬಿರುಗಾಳಿ ಇಲ್ಲ, ಮೋಡ ಮಾತ್ರ ಬಂದು ಕೂತ್ಕೊಂತು. ಮೇ ತಿಂಗಳಲ್ಲಿ ಮಂಡ್ಯದಲ್ಲಿ ಮಾಮೂಲಿ ಹಗಲು 34 ಡಿಗ್ರಿ ಆಸುಪಾಸು ಇರುತ್ತೆ, ಅವತ್ತಿನ ದಿನಗಳಲ್ಲಿ ನಮ್ಮ ಹುಳದ ಮನೆ ಗೋಡೆಗೆ ನೇತುಹಾಕಿರೋ ಥರ್ಮಾಮೀಟರ್ ನೋಡಿದ್ರೆ ಮಧ್ಯಾಹ್ನ ಎರಡು ಗಂಟೆಗೂ ಬೆಳಿಗ್ಗೆ ಆರಕ್ಕೂ ಏನೂ ವ್ಯತ್ಯಾಸನೇ ಇಲ್ಲ. ಜನವರಿ ಚಳಿ ಹಂಗಲ್ಲ, ಜನವರೀಲಿ ರಾತ್ರಿ ನಡುಗಿದ್ರೂ ಹತ್ತು ಗಂಟೆಗೆ ಬಿಸಿಲು ಬಂದು ಎಲ್ಲ ಒಣಗಿಸಿ ಹೋಗುತ್ತೆ, ಈ ಮೇ ಚಳೀಲಿ ಒಣಗೋ ಮಾತೇ ಇಲ್ಲ, ಬಟ್ಟೆ ಒದ್ದೆ ಗೋಡೆ ಒದ್ದೆ ಸೊಪ್ಪು ಒದ್ದೆ ಕೊನೆಗೆ ಬೆಂಕಿಪೊಟ್ಟಣನೂ ಒದ್ದೆ.

ನಮ್ಮ ಹುಳ ಆಗ ನಾಲ್ಕನೇ ಜ್ವರ, ಅಂದ್ರೆ ಮೇವು ಬಿಟ್ಟು ಪೊರೆ ಕಳಚೋದು, ಮುಗಿಸಿ ಎದ್ದು ಮೇಯ್ತಾ ಇತ್ತು. ಗೊತ್ತಿಲ್ಲದವರಿಗೆ ಹೇಳ್ತೀನಿ, ಈ ಹಂತದಲ್ಲೇ ಹುಳ ಅತಿ ಹೆಚ್ಚು ಹಿಪ್ಪುನೇರಳೆ ಸೊಪ್ಪು ತಿನ್ನೋದು, ಹಗಲೂ ರಾತ್ರಿ ತಿನ್ನುತ್ತೆ, ಹುಳದ ಮನೇಲಿ ಕೂತ್ರೆ ಸರಸರ ಅಂತ ಸದ್ದು ಕೇಳುತ್ತೆ, ಅದು ಕೇಳ್ತಾ ಇದ್ರೆ ಮನಸ್ಸಿಗೆ ಸಮಾಧಾನ. ದೊಡ್ಡ ಹುಳಕ್ಕೆ 24, 25 ಡಿಗ್ರಿ ಸಾಕು, ಅದಕ್ಕಿಂತ ಇಳಿದ್ರೆ ಮೇಯೋದು ನಿಧಾನ ಆಗುತ್ತೆ, ಬೆಳೆ ಮುಂದಕ್ಕೆ ಹೋಗುತ್ತೆ, ಸೊಪ್ಪು ಜಾಸ್ತಿ ಬೇಕಾಗುತ್ತೆ, ಸೊಪ್ಪು ನೋಡಿದ್ರೆ ತೋಟದಲ್ಲಿ ನೀರು ಸುರೀತಾ ಇದೆ, ಒದ್ದೆ ಸೊಪ್ಪು ಹಾಕಂಗಿಲ್ಲ, ಹಾಕದೇ ಇದ್ರೆ ಹುಳ ಉಪವಾಸ. ನಾವು ಹಜಾರ, ರೂಮು, ದೇವರ ಮನೆ ಮುಂದೆ ಎಲ್ಲ ಕಡೆ ಸೊಪ್ಪು ಹರಡಿ ಫ್ಯಾನ್ ಹಾಕಿ ಆರಿಸಿ ಹಾಕಿದ್ವಿ, ಕರೆಂಟ್ ಹೋದಾಗ ಮಕ್ಕಳು ಮೊಮ್ಮಕ್ಕಳೆಲ್ಲ ಟವಲ್ ತಗೊಂಡು ಎಲೆ ಎಲೆ ಒರೆಸಿದ್ರು. ತೇವ ಹೀರ್ಕೊಳ್ಳಲಿ ಅಂತ ಹುಳದ ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸಿದ್ವಿ, ರೋಗಕ್ಕೆ ವಿಜೇತ ಪುಡಿನೂ ಹಾಕಿದ್ವಿ, ಅದು ನಮ್ಮ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರೇ ಕಂಡುಹಿಡಿದ ಪುಡಿ. ಆದ್ರೂ ಒಂದು ಮೂಲೇಲಿ ಸುಣ್ಣಕಟ್ಟು ಕಾಣಿಸ್ಕೊಂಡೇ ಬಿಡ್ತು.

ಸುಣ್ಣಕಟ್ಟು ಅಂದ್ರೆ ಹುಳ ಸತ್ತು ಗಟ್ಟಿಯಾಗಿ ಮೈಯೆಲ್ಲ ಬೆಳ್ಳಗೆ ಬೂಸ್ಟು ಹಿಡಿಯೋದು, ಮುಟ್ಟಿದ್ರೆ ಸೀಮೆಸುಣ್ಣದ ಕಡ್ಡಿ ಹಂಗೆ. ಇದು ಬೂಸ್ಟಿನಿಂದ ಬರೋ ರೋಗ, ತಂಪು ಮತ್ತು ತೇವ ಎರಡೂ ಸೇರಿದಾಗಲೇ ಏಳೋದು, ಅದಕ್ಕೇ ಮಳೆಗಾಲ ಚಳಿಗಾಲದಲ್ಲಿ ನಾವು ಹುಷಾರಾಗಿರ್ತೀವಿ, ಮೇ ತಿಂಗಳಲ್ಲಿ ಯಾರು ಅದನ್ನ ನಿರೀಕ್ಷೆ ಮಾಡ್ತಾರೆ ಹೇಳಿ. ಈ ರೋಗದ ಕಥೆ ದೊಡ್ಡದು, ಇಟಲಿ ದೇಶದ ಅಗಸ್ಟಿನೋ ಬಾಸ್ಸಿ ಅನ್ನೋರು 1835ರಲ್ಲೇ ಇದು ಕಣ್ಣಿಗೆ ಕಾಣದ ಜೀವಿಯಿಂದ ಬರುತ್ತೆ, ಒಂದು ಹುಳದಿಂದ ಇನ್ನೊಂದಕ್ಕೆ ಅಂಟುತ್ತೆ ಅಂತ ತೋರಿಸಿಕೊಟ್ಟಿದ್ರು, ಪ್ರಾಣಿಗಳ ಕಾಯಿಲೆಗೆ ಸೂಕ್ಷ್ಮಜೀವಿ ಕಾರಣ ಅಂತ ಜಗತ್ತಿಗೆ ಮೊದಲು ಗೊತ್ತಾಗಿದ್ದೇ ನಮ್ಮ ರೇಷ್ಮೆ ಹುಳದಿಂದ. ಇದನ್ನ ನಮಗೆ ತರಬೇತೀಲಿ ಹೇಳಿದಾಗ ನನಗೆ ಭಾಳ ಹೆಮ್ಮೆ ಅನ್ನಿಸಿತ್ತು.

ಉಳಿದ ಹುಳ ಹಣ್ಣಾದ್ವು, ಅಂದ್ರೆ ಗೂಡು ಕಟ್ಟೋಕೆ ತಯಾರಾದ್ವು, ಗೂಡು ಕಟ್ಟಿಸೋ ತಟ್ಟಿ ಚಂದ್ರಿಕೆಗೆ ಬಿಟ್ವಿ. ಗೂಡು ಕಟ್ಟೋ ಹೊತ್ತಲ್ಲಿ ಹುಳ ಮೈಯಲ್ಲಿರೋ ನೀರೆಲ್ಲ ಹೊರಗೆ ಹಾಕುತ್ತೆ, ಮಾಮೂಲಿ ದಿನ ಆದ್ರೆ ಗಾಳಿಗೆ ಆರಿಹೋಗುತ್ತೆ, ಅವತ್ತು ಆರಲಿಲ್ಲ. ಗೂಡು ಮೆತ್ತಗೆ, ಕಲೆ ಕಲೆ, ನೂಲು ಸರಾಗವಾಗಿ ಬಿಚ್ಚಲ್ಲ. ರಾಮನಗರ ಮಾರ್ಕೆಟ್ಟಲ್ಲಿ ನೂಲು ತೆಗೆಯೋ ರೀಲರುಗಳು ಒಂದು ಗೂಡು ಕೈಗೆ ತಗೊಂಡು ಕಿವಿ ಹತ್ರ ಅಲ್ಲಾಡಿಸಿ ಹಂಗೇ ಇಟ್ಟು ಮುಂದಕ್ಕೆ ಹೋದ್ರು. ರೇಟು ಎಷ್ಟು ಸಿಕ್ತು ಅಂತ ಇಲ್ಲಿ ಬರೆಯಲ್ಲ, ಸೊಪ್ಪಿನ ಖರ್ಚು ಕೂಲಿ ಖರ್ಚು ಕೂಡ ಹುಟ್ಟಲಿಲ್ಲ ಅಂದ್ರೆ ಬೆಳೆಗಾರರಿಗೆ ಅರ್ಥ ಆಗುತ್ತೆ. ಅದೇ ವಾರ ಪೇಪರುಗಳಲ್ಲಿ ಕೂಲ್ ಕೂಲ್ ಮೇ ಅಂತ ಬಂದಿತ್ತು.

ನಮ್ಮೊಬ್ಬರ ಮಾತಲ್ಲ ಇದು. ಮದ್ದೂರು ಎಳನೀರು ಮಾರ್ಕೆಟ್ಟಿಗೆ ಹೋಗಿ ಕೇಳಿ, ಲಾರಿ ಲಾರಿ ಎಳನೀರು ಊರೂರಿಗೆ ಹೋಗೋ ಮಾರ್ಕೆಟ್ಟು, ವರ್ಷದಲ್ಲಿ ನಾಲ್ಕು ಕಾಸು ನೋಡೋದೇ ಬೇಸಿಗೇಲಿ, ಚಳಿ ಹಿಡಿದ್ರೆ ಎಳನೀರು ಕೇಳೋರು ಯಾರು. ಎಳ್ಳು ಬಿತ್ತಿದವರ ಹೊಲದಲ್ಲಿ ನೀರು ನಿಂತು ಬುಡ ಕೊಳೆಯುತ್ತೆ. ಇದ್ಯಾವುದೂ ಪ್ರವಾಹ ಅಲ್ಲ ಬರ ಅಲ್ಲ, ಮನೆ ಬೀಳಲ್ಲ ಸೇತುವೆ ಕೊಚ್ಚಿಹೋಗಲ್ಲ, ಅದಕ್ಕೇ ಸುದ್ದಿ ಆಗಲ್ಲ, ಪರಿಹಾರದ ಪಟ್ಟಿಗೂ ಬರಲ್ಲ.

ಅದೇ 2022ರ ಮೇ ತಿಂಗಳಲ್ಲೇ ನಮ್ಮಣ್ಣನ ಮಗ ಅಮೆರಿಕದ ಡೆನ್ವರಿಂದ ಫೋಟೋ ಕಳಿಸಿದ್ದ. ಅತ್ತೆ ನೋಡಿ ಇಲ್ಲಿ ಹಿಮ ಬಿದ್ದಿದೆ ಅಂತ. ನಾನು ಹಳೇ ಫೋಟೋ ಇರ್ಬೇಕು ಅನ್ಕೊಂಡೆ, ಮೇ 20 ದಾಟಿದೆ, ಅಲ್ಲಿ ವಸಂತ ಮುಗಿದು ಬೇಸಿಗೆ ಹತ್ರ ಬಂತು. ಅವನು ಫೋನ್ ಮಾಡಿ ಹೇಳ್ದ, ಗುರುವಾರ 30 ಡಿಗ್ರಿ ದಾಟಿ ಬಿಸಿಲಿತ್ತು ಅರ್ಧ ತೋಳಿನ ಶರ್ಟಲ್ಲಿ ಓಡಾಡ್ತಿದ್ದೆ, ಶುಕ್ರವಾರ ಮಳೆ ಶುರುವಾಗಿ ರಾತ್ರಿಗೆ ಹಿಮ ಆಯ್ತು ಅಂತ. ಆ ಊರು ರಾಕಿ ಬೆಟ್ಟಗಳ ಬುಡದಲ್ಲಿದೆಯಂತೆ, 1600 ಮೀಟರ್ ಎತ್ತರ, ಉತ್ತರದ ತಣ್ಣನೆ ಗಾಳಿ ನುಗ್ಗಿದಾಗ ಪೂರ್ವದ ಕಡೆಯಿಂದ ತೇವದ ಗಾಳಿ ಬೆಟ್ಟ ಹತ್ತೋಕೆ ಹೋಗಿ ಅಲ್ಲೇ ತಣಿದು ಸುರಿಯುತ್ತೆ, ನಮ್ಮ ಮುಂಗಾರು ಮೋಡ ಪಶ್ಚಿಮ ಘಟ್ಟ ಹತ್ತುವಾಗ ಸುರಿಯಲ್ವಾ ಅದೇ ಲೆಕ್ಕ, ಚಳಿ ಸೇರಿದ್ರೆ ಹಿಮ. ಅವನು ಹೇಳಿದ್ರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಮರಗಳ ವಿಷಯ. ಚಳಿಗಾಲದಲ್ಲಿ ಹಿಮ ಬಿದ್ರೆ ಮರಕ್ಕೆ ಏನೂ ಆಗಲ್ಲವಂತೆ, ಎಲೆ ಇರಲ್ಲ, ಹಿಮ ಜಾರಿ ಹೋಗುತ್ತೆ. ಮೇ ತಿಂಗಳಲ್ಲಿ ಮರ ಪೂರ್ತಿ ಚಿಗುರಿರುತ್ತೆ, ನೀರು ತುಂಬಿದ ಭಾರದ ಹಿಮ ಒಂದೊಂದು ಎಲೆ ಮೇಲೂ ಕೂತು ಕೊಂಬೆಗಳು ಲಟಲಟ ಮುರಿದು ಕರೆಂಟ್ ತಂತಿ ಮೇಲೆ ಬಿದ್ವಂತೆ. ಜನ ರಾತ್ರೀಲಿ ಎದ್ದು ಪೊರಕೆ ಕೋಲು ತಗೊಂಡು ಕೊಂಬೆ ಅಲ್ಲಾಡಿಸಿ ಹಿಮ ಉದುರಿಸ್ತಿದ್ರಂತೆ, ಟೊಮ್ಯಾಟೊ ಗಿಡಕ್ಕೆ ಹಾಸಿಗೆ ಬೆಡ್‌ಶೀಟ್ ಹೊದಿಸಿದ್ರಂತೆ. ಅವತ್ತು ಅದನ್ನ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು, ಯಾಕಂದ್ರೆ ಅದೇ ಬೆಡ್‌ಶೀಟುಗಳನ್ನ ನಾವು ಹುಳದ ಮನೆ ಕಿಟಕಿಗೆ ಕಟ್ಟಿದ್ವಿ. ಹೊತ್ತಲ್ಲದ ಹೊತ್ತಲ್ಲಿ ಬರೋ ಚಳಿ ಎಲ್ಲಾ ಊರಲ್ಲೂ ಎಳೇದನ್ನೇ ಹುಡುಕಿ ಹೊಡೆಯುತ್ತೆ.

ಇಲ್ಲೊಂದು ಮಾತು ಸೇರಿಸ್ಬೇಕು. ಬೇಸಿಗೇಲಿ ಆಲಿಕಲ್ಲು ಬಿದ್ದಾಗಲೆಲ್ಲ ಮಂಡ್ಯದಲ್ಲಿ ಹಿಮಪಾತ ಅಂತ ವಾಟ್ಸಾಪಲ್ಲಿ ವಿಡಿಯೋ ಓಡಾಡುತ್ತೆ, ಕೆಲವು ಟೀವಿಯವರೂ ಹಂಗೇ ಹೇಳ್ತಾರೆ. ಆಲಿಕಲ್ಲು ಚಳಿಯಿಂದ ಬರೋದಲ್ಲ, ಸುಡೋ ಬಿಸಿಲಿನ ಮಧ್ಯಾಹ್ನ ಬಿಸಿ ಗಾಳಿ ರಭಸದಿಂದ ಮೇಲಕ್ಕೆ ಹೋಗಿ ಗುಡುಗು ಮೋಡದೊಳಗೆ ನೀರಿನ ಹನೀನ ಮತ್ತೆ ಮತ್ತೆ ಮೇಲಕ್ಕೆತ್ತಿ ಗಡ್ಡೆ ಕಟ್ಟಿಸಿ ಉದುರಿಸೋದು. ಹಿಮ ನಮ್ಮೂರಿಗೆ ಬರಕ್ಕಾಗಲ್ಲ, ಮೇ ತಿಂಗಳಲ್ಲಿ ನೀರು ಹೆಪ್ಪುಗಟ್ಟೋ ಚಳಿ ನಮ್ಮ ತಲೆ ಮೇಲೆ ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿರುತ್ತೆ, ಕೆಳಗೆ ಬರೋವಷ್ಟರಲ್ಲಿ ಕರಗಿ ಮಳೆ ಆಗಿರುತ್ತೆ. ಆಲಿಕಲ್ಲು ಹಿಪ್ಪುನೇರಳೆ ಸೊಪ್ಪನ್ನ ಅರ್ಧ ಗಂಟೇಲಿ ಜರಡಿ ಮಾಡಿಹೋಗುತ್ತೆ, ಫೋಟೋ ತೆಗೆದು ತೋರಿಸಬಹುದು. ಮೋಡದ ಚಳಿ ಮಾಡೋ ನಷ್ಟಕ್ಕೆ ಫೋಟೋ ಇಲ್ಲ. ದಯವಿಟ್ಟು ಎರಡನ್ನೂ ಒಂದು ಮಾಡಬೇಡಿ.

ನಮ್ಮನೆಯವರಿಗೆ ಕ್ರಿಕೆಟ್ ಹುಚ್ಚು. ಈ ಕಾಗದ ಬರೀತೀನಿ ಅಂದಾಗ ಅವರು ಹೇಳಿದ್ದು ಇಂಗ್ಲೆಂಡಿನ ಬಕ್ಸ್‌ಟನ್ ಮ್ಯಾಚ್ ಕಥೆ. 1975, ಡರ್ಬಿಶೈರ್ ಮೇಲೆ ಲ್ಯಾಂಕಶೈರ್, ಶನಿವಾರ ಲ್ಯಾಂಕಶೈರ್ 5 ವಿಕೆಟ್ಟಿಗೆ 477 ಹೊಡೀತು, ಕ್ಲೈವ್ ಲಾಯ್ಡ್ 167 ನಾಟೌಟ್. ಸೋಮವಾರ ಜೂನ್ 2, ಆಟಗಾರರು ಬಂದು ನೋಡ್ತಾರೆ ಗ್ರೌಂಡ್ ಪೂರ್ತಿ ಹಿಮ! ಅಂಪೈರ್ ಡಿಕಿ ಬರ್ಡ್ ಆಟ ಇಲ್ಲ ಅಂದ್ರು. ಮಂಗಳವಾರ ಹಿಮ ಕರಗಿದ ಪಿಚ್ಚಲ್ಲಿ ಡರ್ಬಿಶೈರ್ 42ಕ್ಕೆ ಆಲೌಟ್, ಎರಡನೇ ಸಲ 87. ಅದೇ ವಾರ ಶನಿವಾರ, ಜೂನ್ 7ಕ್ಕೆ, ಮೊದಲನೇ ವರ್ಲ್ಡ್ ಕಪ್ ಶುರು, ಒಳ್ಳೆ ಬಿಸಿಲು, ಲಾರ್ಡ್ಸಲ್ಲಿ ಇಂಗ್ಲೆಂಡ್ 334 ಹೊಡೆದು ನಮ್ಮೋರು 60 ಓವರ್ ಆಡಿ 132, ಗವಾಸ್ಕರ್ 36 ನಾಟೌಟ್, ನಮ್ಮ ಭದ್ರಾವತಿಯ ವಿಶ್ವನಾಥ್ 37. ನಮ್ಮನೆಯವರು ಗವಾಸ್ಕರ್ ವಿಷಯ ಬಂದ್ರೆ ಇವತ್ತಿಗೂ ಅರ್ಧ ಗಂಟೆ ಮಾತಾಡ್ತಾರೆ, ಅದು ಬಿಡಿ. ನಾನು ಕೇಳಿದ್ದು, ಐವತ್ತು ವರ್ಷ ಆದ್ಮೇಲೂ ಆ ಒಂದು ದಿನದ ಹಿಮ ಮಂಡ್ಯ ಜಿಲ್ಲೆ ಹಳ್ಳೀಲಿ ಕೂತಿರೋ ನಿಮಗೆ ಹೆಂಗೆ ಗೊತ್ತು ಅಂತ. ಸ್ಕೋರ್ ಬುಕ್ಕಲ್ಲಿ ಇದೆಯಲ್ಲ ಅಂದ್ರು. ಮ್ಯಾಚ್ ಇತ್ತು, ಬರೆಯೋರು ಇದ್ರು, ಉಳೀತು.

1816ರದ್ದೂ ಹಂಗೇ. ಅದರ ಹಿಂದಿನ ವರ್ಷ ಏಪ್ರಿಲ್ಲಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಗಂಧಕದ ಹೊಗೆ ಆಕಾಶದಲ್ಲಿ ಹರಡಿ ಬಿಸಿಲನ್ನೇ ಮಂಕು ಮಾಡ್ತು, ಅಮೆರಿಕದ ಈಶಾನ್ಯ ಭಾಗದಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು, ಮುಸುಕಿನ ಜೋಳದ ಬೆಳೆ ಹೋಯ್ತು, ಎಷ್ಟೋ ಜನ ಊರು ಬಿಟ್ಟು ಪಶ್ಚಿಮಕ್ಕೆ ಹೋದ್ರು. ನಮ್ಮ ದೇಶದ ಮುಂಗಾರೂ ಆಗ ಹದ ತಪ್ಪಿತ್ತು. ಅಲ್ಲಿಯ ರೈತರು ದಿನಚರಿ ಬರೆದಿಟ್ಟಿದ್ರಿಂದ ಯಾವ ದಿನ ಹಿಮ ಬಿತ್ತು ಯಾವ ರಾತ್ರಿ ಇಬ್ಬನಿ ಗಟ್ಟಿ ಆಯ್ತು ಅಂತ ವಿಜ್ಞಾನಿಗಳಿಗೆ ಇವತ್ತಿಗೂ ಸಿಗುತ್ತೆ.

ನಮ್ಮಲ್ಲೂ ಬರೆಯೋರು ಇದ್ರು. ನಮ್ಮ ಮಾವನವರು ಪ್ರತಿ ಬೆಳೆಗೂ ಎಷ್ಟು ಮೊಟ್ಟೆ, ಯಾವತ್ತು ಜ್ವರಕ್ಕೆ ಕೂತ್ವು, ಯಾವತ್ತು ಹಣ್ಣಾದ್ವು ಅಂತ ನೋಟ್‌ಬುಕ್ಕಲ್ಲಿ ಬರೀತಿದ್ರು, ಪಕ್ಕದಲ್ಲಿ ಒಂದೊಂದು ಮಾತು, ಮೋಡ, ಥಂಡಿ, ಇದ್ದಲು ಹಾಕಿದೆ, ಹೊಗೆ ಆಯ್ತು, ಸುಣ್ಣಕಟ್ಟು ಅಂತ. ಒಂದು ವೈಶಾಖದಲ್ಲಿ ನಮ್ಮತ್ತೆ ಹುಳದ ಮನೇಲೇ ಇದ್ದಲು ಒಲೆ ಇಟ್ಕೊಂಡು ಮಲಗಿ ಬೆಳಿಗ್ಗೆ ತಲೆ ಸುತ್ತಿ ಬಿದ್ದಿದ್ರು ಅಂತ ನಾವು ಬಾಯಿಮಾತಲ್ಲಿ ಕೇಳಿದ್ದು ಆ ಪುಸ್ತಕದಲ್ಲಿ ಒಂದೇ ಸಾಲಲ್ಲಿದೆ. ಮುಚ್ಚಿದ ಕೋಣೇಲಿ ಇದ್ದಲು ಉರಿಸಿ ಯಾರೂ ಮಲಗಬೇಡ್ರಪ್ಪಾ, ಹುಳಕ್ಕೂ ಆಗಲ್ಲ ಮನುಷ್ಯರಿಗಂತೂ ಪ್ರಾಣಕ್ಕೇ ಅಪಾಯ, ಇದನ್ನ ದಪ್ಪಕ್ಷರದಲ್ಲಿ ಹಾಕಿ.

ನಿಮ್ಮಿಂದ ನಾನು ಕೇಳೋದು ದೊಡ್ಡದೇನಲ್ಲ. ಬೇಸಿಗೇಲಿ ಗರಿಷ್ಠ ಉಷ್ಣಾಂಶ ಒಂದನ್ನೇ ಹಾಕ್ತೀರಾ, ಮೋಡ ಹಿಡಿದ ದಿನ ಗರಿಷ್ಠ, ಕನಿಷ್ಠ, ಗಾಳಿಯ ತೇವಾಂಶ ಮೂರೂ ಹಾಕಿ. ಪಂಚಾಯ್ತಿಗೊಂದು ಮಳೆ ಅಳೆಯೋ ಯಂತ್ರ ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದವರು ಹಾಕಿದ್ದಾರೆ, ನಾಗನಹಳ್ಳೀಲಿ, ವಿ.ಸಿ. ಫಾರಮ್ಮಲ್ಲಿ ಕೃಷಿ ವಿಜ್ಞಾನಿಗಳಿದ್ದಾರೆ, ಮೈಸೂರಲ್ಲಿ ರೇಷ್ಮೆ ಸಂಸ್ಥೆ ಇದೆ. ಚಂಡಮಾರುತ ಎದ್ದಿದೆ ಅಂತ ಮೊದಲನೇ ಪೇಜಲ್ಲಿ ಹಾಕೋ ದಿನವೇ ಒಳಗಿನ ಪೇಜಲ್ಲಿ ಅವರನ್ನ ಕೇಳಿ ನಾಲ್ಕು ಸಾಲು ಹಾಕಿ, ಮೂರು ದಿನ ಬಿಸಿಲು ಬರಲ್ಲ, ಸೊಪ್ಪು ಇವತ್ತೇ ಕೊಯ್ದು ಇಟ್ಕೊಳ್ಳಿ, ಹುಳ ಹಣ್ಣಾಗೋದಿದ್ರೆ ಚಂದ್ರಿಕೆ ಗಾಳಿ ಆಡೋ ಕಡೆ ಇಡಿ ಅಂತ. 2022ರಲ್ಲಿ ನಮಗೆ ಒಂದು ದಿನ ಮುಂಚೆ ಇಷ್ಟು ಗೊತ್ತಾಗಿದ್ರೂ ಆ ಮೂಲೆ ಹುಳ ಉಳೀತಿತ್ತು.

ಹಂಗೇ ಹಳೇ ಬೆಳೆಗಾರರ ಮನೆಗಳಲ್ಲಿ ಅಟ್ಟದ ಮೇಲೆ ಇಂಥ ನೋಟ್‌ಬುಕ್ಕುಗಳು ಇನ್ನೂ ಇವೆ, ಗೆದ್ದಲು ಹಿಡಿಯೋಕೆ ಮುಂಚೆ ನಿಮ್ಮ ಭಾನುವಾರದ ಪುರವಣೀಲಿ ಒಂದು ಜಾಗ ಕೊಟ್ಟು ಕಳಿಸಿ ಅಂತ ಕೇಳಿದ್ರೆ ಜನ ಕಳಿಸ್ತಾರೆ. ಮಾವನವರ ಪುಸ್ತಕಗಳು ನನ್ನ ಹತ್ರ ಇವೆ, ಕೊನೇ ಎರಡಕ್ಕೆ ನೀರು ಬಿದ್ದು ಅಕ್ಷರ ಕದಡಿದೆ, ಉಳಿದವು ಚೆನ್ನಾಗಿವೆ. ನಿಮ್ಮ ವರದಿಗಾರರು ಯಾರಾದ್ರೂ ಬಂದ್ರೆ ಕೊಡ್ತೀನಿ, ಫೋಟೋ ತಗೊಂಡು ವಾಪಸ್ ಕೊಟ್ರೆ ಸಾಕು.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ್ತಿ
ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ